ಮಗುಚಿದ ಮಡಕೆಯ ಮುಂದೆ

ನಿನ್ನೆ ರಾತ್ರಿ ಶಿವಮೊಗ್ಗದ ಗೆಳೆಯರೊಬ್ಬರ ಮನೆಯಲ್ಲಿ ಏಳೆಂಟು ಜನ ಕೂಡಿ, ಡೇವಿಡ್ ಗೆಲ್ಬ್ 2011ರಲ್ಲಿ ಮಾಡಿದ ‘ಜಿರೊ ಡ್ರೀಮ್ಸ್ ಆಫ್ ಸುಶಿ’ ಸಾಕ್ಷ್ಯಚಿತ್ರ ನೋಡಿದೆವು. ಟೋಕಿಯೋದ ಗಿಂಜಾದಲ್ಲಿ, ನೆಲದಡಿಯ ಹತ್ತೇ ಆಸನಗಳ ಅಂಗಡಿಯಲ್ಲಿ ಸುಶಿ ಎಂಬ ಅನ್ನ-ಮೀನಿನ ತಿನಿಸು ಮಾಡುತ್ತ, 85ನೆಯ ವಯಸ್ಸಿನಲ್ಲೂ ಇನ್ನಷ್ಟು ಚೆನ್ನಾಗಬೇಕೆಂದು ಚಡಪಡಿಸುವ ಜಿರೊ ಓನೊ ಅವರಿಗೆ ನಾನೂ ಮರುಳಾದೆ. ಶಿಷ್ಯನೊಬ್ಬ ಇನ್ನೂರಕ್ಕೂ ಹೆಚ್ಚು ಸಲ ತಮಾಗೊ ಎಂಬ ಮೊಟ್ಟೆಯ ತಿನಿಸು ಮಾಡಿ, ಪ್ರತಿ ಸಲವೂ ಬೇಡವೆನಿಸಿಕೊಂಡು, ಕೊನೆಗೊಮ್ಮೆ ಗುರು ಒಪ್ಪಿದಾಗ ಅತ್ತುಬಿಟ್ಟೆನೆಂದು ಹೇಳುವಲ್ಲಿ, ಮೊಟ್ಟೆ ಮುಟ್ಟದ ನನ್ನ ಕಣ್ಣೂ ತುಂಬಿತು.

ಸಿಟ್ಟು ಬಂದದ್ದು ಆಮೇಲೆ. ಕಾಫಿ ಕುಡಿಯುತ್ತ ಒಬ್ಬರು, “ಇಂಥ ಶ್ರದ್ಧೆ ನಮ್ಮವರಲ್ಲಿ ಎಲ್ಲಿದೆ ಮಾರಾಯ್ರೆ?” ಎಂದರು, ಉಳಿದವರು ತಲೆಯಾಡಿಸಿದರು. ಹೋದ ಆಲೆಮನೆಯ ಕಾಲದಲ್ಲಿ ಸಾಗರದ ನಮ್ಮ ಮನೆಗೆ ಬಂದು, ದೊಡ್ಡಮ್ಮ ಮಾಡಿದ, ಹಾಳೆಯಂಥ ತೆಳು ಸಿಹಿತಿಂಡಿ ತೊಡೆದೇವನ್ನು ಲೆಕ್ಕವಿಲ್ಲದೆ ತಿಂದು, ಮೇಲೊಂದು ಡಬ್ಬಿ ಕಟ್ಟಿಸಿಕೊಂಡು ಹೋದವರೂ ಇವರೇ!

ಎಲ್ಲಿದೆಯೆಂದರೆ, ನೀವು ಜಗಲಿಯಲ್ಲಿ ಕೂತು ಅಡಿಕೆಯ ಧಾರಣೆ ಮಾತಾಡುತ್ತಿದ್ದಾಗ ಅದು ಒಳಗೇ ಇತ್ತು. ಒಲೆಯ ಮೇಲೆ ಮಡಕೆಯನ್ನು ಮಗುಚಿಟ್ಟು, ಕಬ್ಬಿನ ಹಾಲಿನಲ್ಲಿ ಕಲಸಿದ ಅಕ್ಕಿಹಿಟ್ಟಿಗೆ ಕೋಲಿಗೆ ಸುತ್ತಿದ ಬಟ್ಟೆಯನ್ನು ಅದ್ದಿ, ಮಡಕೆಯ ಬೆನ್ನ ಮೇಲೆ ಒಂದೇ ಸಲಕ್ಕೆ ಎಳೆಯಬೇಕು. ಕಾವು ಹೆಚ್ಚಾದರೆ ಹಾಳೆ ಸೀಯುತ್ತದೆ, ಕಡಿಮೆಯಾದರೆ ಏಳುವುದೇ ಇಲ್ಲ. ಎದ್ದದ್ದನ್ನು ಗರಿಯಾಗುವ ಮುನ್ನ ಮಡಚಬೇಕು. ಅತ್ತಿಗೆ ಮೂರು ವರ್ಷಗಳಿಂದ ಪಕ್ಕದಲ್ಲಿ ಕೂತು ಮಡಚುತ್ತಲೇ ಇದ್ದಾರೆ, ಕೋಲು ಇನ್ನೂ ಅವರ ಕೈಗೆ ಬಂದಿಲ್ಲ. ದೊಡ್ಡಮ್ಮನ ತೀರ್ಪು ಒಂದೇ: “ಕೈ ಇನ್ನೂ ದಪ್ಪ.”

ಜೀವಮಾನವನ್ನೇ ತೇಯ್ದು ಒಳ್ಳೆಯ ಹೋಟೆಲುಗಳಿಗೆ ಕೊಡುವ ಮಿಶೆಲಿನ್ ನಕ್ಷತ್ರ ಮೂರನ್ನು ಪಡೆದವರಿಗೆ ವರ್ಷಕ್ಕೆ ನಾಲ್ಕು ದಿನದ ತೊಡೆದೇವು ಹೋಲಿಕೆಯೇ ಎಂದು ಕೇಳುವವರಿದ್ದಾರೆ. ಉಳಿದ ದಿನ ದೊಡ್ಡಮ್ಮ ಮನೆಯವರನ್ನೆಲ್ಲ ಉಪವಾಸ ಕೆಡವಿದ್ದರೇ? ನಕ್ಷತ್ರ ಹಂಚುವವರಿಗೆ ಸಾಗರದ ಬಸ್ಸು ಸಿಕ್ಕಿಲ್ಲ, ಅಷ್ಟೇ.

ಅದೇ ಚಿತ್ರದಲ್ಲಿ ಜಿರೊ ಒಂದು ಮಾತು ಹೇಳುತ್ತಾರೆ. ಅಪರೂಪಕ್ಕೆ ಮನೆಯಲ್ಲಿ ಮಲಗಿದ್ದ ತಂದೆಯನ್ನು ಕಂಡ ಮಗ, ಯಾರೋ ಗುರುತಿಲ್ಲದವನು ಮಲಗಿದ್ದಾನೆಂದು ಅಮ್ಮನನ್ನು ಕೂಗಿದನಂತೆ. ಆ ಅಮ್ಮ ಚಿತ್ರದಲ್ಲಿ ಎಲ್ಲಿಯೂ ಮಾತಾಡುವುದಿಲ್ಲ. ನಮ್ಮ ಏಳೆಂಟು ಜನರಲ್ಲಿ ಯಾರೊಬ್ಬರೂ ಅವರ ಬಗ್ಗೆ ಕೇಳಲೂ ಇಲ್ಲ.

ನಾನೇನು ಸಾಚಾ ಅಲ್ಲ. ಇನ್ನೂರು ಮೊಟ್ಟೆಗೆ ಕಣ್ಣೀರಿಟ್ಟ ನಾನೇ, ಆ ದಿನ ಒಲೆಯ ಮುಂದೆ ಬೆವರುತ್ತಿದ್ದ ದೊಡ್ಡಮ್ಮನಿಗೆ, “ಈ ಸಲ ಸಿಹಿ ಸ್ವಲ್ಪ ಮುಂದಾಯಿತು” ಎಂದಿದ್ದೆ. ಅವರು ತಿರುಗಿ ನೋಡಲಿಲ್ಲ. ಕೋಲನ್ನು ಹಿಟ್ಟಿಗೆ ಅದ್ದಿ ಮುಂದಿನ ಹಾಳೆ ಎಳೆದರು.