ಎಷ್ಟು ಸಣ್ಣ ಆಗಿಬಿಟ್ರಿ!

ಮದುವೆಮನೆಯಲ್ಲಿ ಬಹಳ ದಿನದ ಮೇಲೆ ಸಿಕ್ಕವರ ಮೊದಲ ಮಾತು: "ಏನ್ರೀ, ಎಷ್ಟು ಸಣ್ಣ ಆಗಿಬಿಟ್ರಿ!" ಕೇಳಿದವರಿಗೆ ಒಳಗೊಳಗೇ ಖುಷಿ. ಆರು ತಿಂಗಳ ವಾಕಿಂಗು, ಬಿಟ್ಟ ಸಕ್ಕರೆ, ಎಲ್ಲಕ್ಕೂ ಬೆಲೆ ಬಂತು. ಹೇಳಿದವರು ಸೋದರತ್ತೆಯಾಗಿದ್ದರೆ ಮಾತ್ರ ಅದು ಹೊಗಳಿಕೆಯಲ್ಲ, ಮನೆಯಲ್ಲಿ ಸರಿಯಾಗಿ ಊಟ ಹಾಕುತ್ತಿಲ್ಲ ಎಂಬ ದೂರು. ಇದೇ ಮಾತನ್ನು "ಯು ಹ್ಯಾವ್ ಬಿಕಮ್ ಸೋ ಸ್ಮಾಲ್" ಎಂದು ಇಂಗ್ಲಿಷಿಗೆ ತಿರುಗಿಸಿದರೆ, ಬಿಸಿನೀರಿನಲ್ಲಿ ಒಗೆದ ಉಣ್ಣೆ ಸ್ವೆಟರಿನಂತೆ ಆ ಮನುಷ್ಯ ಉದ್ದಗಲ ಎರಡರಲ್ಲೂ ಕುಗ್ಗಿಹೋದ ಚಿತ್ರ ಕಣ್ಣಿಗೆ ಬರುತ್ತದೆ. ಅಲ್ಲಿ ಬೇಕಾದದ್ದು ಸ್ಲಿಮ್, ಇಲ್ಲವೇ ಥಿನ್. ಸ್ಲಿಮ್ ಅಂದರೆ ಹೊಗಳಿಕೆ, ಥಿನ್ ಸ್ವಲ್ಪ ಸೊರಗಿನ ಕಡೆಗೆ ವಾಲುತ್ತದೆ. ನಮ್ಮ ಸಣ್ಣ ಎರಡನ್ನೂ ಹೊತ್ತುಕೊಂಡು, ಯಾವುದೆಂದು ತಿಳಿಸುವ ಕೆಲಸವನ್ನು ಹೇಳುವವರ ಮುಖಕ್ಕೆ ಬಿಟ್ಟಿದೆ.

ತಪ್ಪು ತಪ್ಪೇ. ಆದರೆ ಸಾವಿರ ವರ್ಷದ ಹಿಂದೆ ಆಡಿದ್ದರೆ ಇದು ತಪ್ಪಾಗುತ್ತಿರಲಿಲ್ಲ. ಹಳೆಯ ಇಂಗ್ಲಿಷಿನಲ್ಲಿ ಈ ಪದ 'ಸ್ಮ್ಯಾಲ್' ಆಗಿತ್ತು. ಅದರ ಮುಖ್ಯ ಅರ್ಥ ತೆಳ್ಳಗಿನ, ಕಿರಿದಾದ, ನವುರಾದ ಎಂದು. ಗಾತ್ರದಲ್ಲಿ ಚಿಕ್ಕದು ಎನ್ನಲು ಆಗ ಇದ್ದದ್ದು 'ಲೂಟೆಲ್', ಅಂದರೆ ಇಂದಿನ ಲಿಟಲ್‌ನ ಅಜ್ಜ. ಕಾಲ ಹೋದಂತೆ ಸ್ಮಾಲ್ ತನ್ನ ತೆಳುವನ್ನು ಕಳೆದುಕೊಂಡು ಗಾತ್ರದ ಕೆಲಸಕ್ಕೆ ನಿಂತಿತು. ದಾಯಾದಿ ಭಾಷೆಗಳು ಹಾಗೆ ಮಾಡಲಿಲ್ಲ. ಜರ್ಮನಿಯಲ್ಲಿ 'ಶ್ಮಾಲ್' ಎಂದರೆ ಇಂದಿಗೂ ಇಕ್ಕಟ್ಟಾದದ್ದು, ಸ್ವೀಡನ್ನಿನಲ್ಲಿ 'ಸ್ಮಾಲ್' ಎಂದರೆ ತೆಳ್ಳಗಿನವನು. ನಮ್ಮ ಮದುವೆಮನೆಯ ಇಂಗ್ಲಿಷು ಸ್ವೀಡನ್ನಿನಲ್ಲಿ ಹೆಚ್ಚುಕಡಿಮೆ ಸಲ್ಲುತ್ತದೆ ಎಂದಾಯಿತು.

ಬಿಟ್ಟುಹೋದ ಆ ತೆಳುವು ಇಂಗ್ಲಿಷಿನ ಮೂಲೆಮೂಲೆಯಲ್ಲಿ ಇನ್ನೂ ಸಿಗುತ್ತದೆ. ಬೆನ್ನು ಸೊಂಟದ ಹತ್ತಿರ ಒಳಗೆ ಬಾಗಿ ಕಿರಿದಾಗುವ ಜಾಗಕ್ಕೆ 'ದ ಸ್ಮಾಲ್ ಆಫ್ ದ ಬ್ಯಾಕ್' ಎನ್ನುತ್ತಾರೆ. ಡಾಕ್ಟರ ಹತ್ತಿರ "ಸ್ಮಾಲ್ ಬ್ಯಾಕ್ ಪೇನ್" ಎಂದರೆ ಅದು ಬೇರೆ, ನೋವು ಸಣ್ಣದು ಅಂತಾಗುತ್ತದೆ. ನೋವಿನ ಜಾಗ ತೋರಿಸಬೇಕಾದರೆ ಆ ಆಫ್, ಆ ದ, ಎಲ್ಲವೂ ಬೇಕು. ಇನ್ನೊಂದು ಸಾಕ್ಷಿ ಎಲ್ಲರ ಹೊಟ್ಟೆಯಲ್ಲೇ ಇದೆ. ಸ್ಮಾಲ್ ಇಂಟೆಸ್ಟೈನ್ ಸುಮಾರು 6 ಮೀಟರ್ ಉದ್ದ, ಲಾರ್ಜ್ ಇಂಟೆಸ್ಟೈನ್ ಸುಮಾರು ಒಂದೂವರೆ ಮೀಟರ್. ನಾಲ್ಕು ಪಟ್ಟು ಉದ್ದವಿರುವುದು ಸ್ಮಾಲ್ ಹೇಗಾಯಿತು ಎಂದು ಮಕ್ಕಳು ಕೇಳುವುದು ನ್ಯಾಯವೇ. ಇಲ್ಲಿ ಅಳತೆ ಉದ್ದದ್ದಲ್ಲ, ದಪ್ಪದ್ದು. ಸ್ಮಾಲ್ ಎರಡೂವರೆ ಸೆಂಟಿಮೀಟರ್‌ನಷ್ಟು ಅಗಲ, ಲಾರ್ಜ್ ಅದರ ಎರಡು ಪಟ್ಟಿಗೂ ಹೆಚ್ಚು. ಕನ್ನಡದ ಪಾಠಪುಸ್ತಕದಲ್ಲಿ ಸಣ್ಣ ಕರುಳು ಎಂದು ಓದಿದವರಿಗೆ ಈ ಗೊಂದಲ ಬರಬಾರದು, ಏಕೆಂದರೆ ಸಣ್ಣ ದಾರ ಎಂದರೆ ಮೋಟು ದಾರವಲ್ಲ ಎಂದು ಅವರಿಗೆ ಗೊತ್ತು.

1611ರ ಇಂಗ್ಲಿಷ್ ಬೈಬಲಿನಲ್ಲಿ ಧೂಪದ್ರವ್ಯವನ್ನು 'ಬೀಟನ್ ಸ್ಮಾಲ್' ಮಾಡಬೇಕು ಎಂದಿದೆ, ಅಂದರೆ ಸಣ್ಣಗೆ ಕುಟ್ಟಬೇಕು. ಅದೇ ಬೈಬಲಿನಲ್ಲಿ ಎಳೆಹುಲ್ಲಿನ ಮೇಲೆ 'ಸ್ಮಾಲ್ ರೇನ್' ಬೀಳುತ್ತದೆ, ನಮ್ಮ ಸಣ್ಣ ಮಳೆಯ ಹಾಗೆಯೇ. ಇಂದಿನ ಇಂಗ್ಲಿಷ್ ಮಾತ್ರ ಇದನ್ನು ಒಪ್ಪದು. ಮಳೆಗೆ ಲೈಟ್ ರೇನ್ ಅಥವಾ ಡ್ರಿಜಲ್ ಎನ್ನಬೇಕು, ಕುಟ್ಟುವುದಕ್ಕೆ ಫೈನ್.

ಸಣ್ಣದ ಕಥೆಯೂ ಇದಕ್ಕೆ ಹತ್ತಿರವೇ. ಅದು ಪ್ರಾಕೃತದ 'ಸಣ್ಹ'ದಿಂದ ಬಂದದ್ದು, ಅದರ ಹಿಂದಿರುವುದು ಸಂಸ್ಕೃತದ 'ಶ್ಲಕ್ಷ್ಣ'. ಬಾಯಿಗೆ ಒಗ್ಗದ ಆ ಪದದ ಅರ್ಥ ಮಾತ್ರ ನುಣುಪಾದದ್ದು, ನಯವಾದದ್ದು. ಮೊದಲಿನಿಂದ ನಮ್ಮಲ್ಲಿದ್ದ ಚಿಕ್ಕ, ಕಿರು ಗಾತ್ರ ನೋಡಿಕೊಂಡವು. ಸಣ್ಣ ನವಿರು ನೋಡಿಕೊಂಡಿತು. ಆಮೇಲೆ ಅದೂ ಗಾತ್ರದ ಕಡೆಗೆ ಕೈಚಾಚಿತು, ಆದರೆ ಸ್ಮಾಲ್‌ನಂತೆ ಹಳೆಯ ಮನೆ ಖಾಲಿ ಮಾಡಲಿಲ್ಲ. ಅದಕ್ಕೇ ಅಂಗಡಿಯಲ್ಲಿ ಸಣ್ಣಕ್ಕಿ ಎಂದರೆ ಕಾಳು ತೆಳ್ಳಗಿರುವ ಅಕ್ಕಿ, ಪುಟ್ಟ ಚೀಲದ ಅಕ್ಕಿಯಲ್ಲ. ಸೋನಾ ಮಸೂರಿಯನ್ನು ಕೃಷಿ ಇಲಾಖೆಯವರ ಇಂಗ್ಲಿಷಿನಲ್ಲಿ ಕರೆಯುವುದು ಮೀಡಿಯಮ್ ಸ್ಲೆಂಡರ್ ಎಂದು. ಕಾಳಿನ ಉದ್ದವನ್ನು ಅಗಲದಿಂದ ಭಾಗಿಸಿ ಕೊಡುವ ಹೆಸರು ಅದು. ಸಣ್ಣ ರವೆ ಫೈನ್ ಸೆಮೊಲಿನಾ. ಅದನ್ನು ಸ್ಮಾಲ್ ರವಾ ಎಂದು ಕೇಳಿದರೆ ಅಂಗಡಿಯವನು ಕಾಲು ಕೆಜಿ ಪ್ಯಾಕೆಟ್ ತಂದಿಡುತ್ತಾನೆ, ಒಳಗೆ ಉಪ್ಪಿಟ್ಟಿನ ರವೆಯೇ ಇರುತ್ತದೆ, ಚಿರೋಟಿ ಕೆಡುತ್ತದೆ.

ಅಡುಗೆಮನೆಯೇ ಈ ಪದದ ನಿಜವಾದ ಪರೀಕ್ಷಾ ಕೊಠಡಿ. ಕನ್ನಡದ ರೆಸಿಪಿಯಲ್ಲಿ "ಈರುಳ್ಳಿ ಸಣ್ಣಗೆ ಹೆಚ್ಚಿ, ಸಣ್ಣ ಉರಿಯಲ್ಲಿ ಬಾಡಿಸಿ" ಎಂದು ಒಂದೇ ಪದ ಎರಡು ಸಲ ಬರುತ್ತದೆ. ಇಂಗ್ಲಿಷಿಗೆ ಹೋದಾಗ ಹೆಚ್ಚುವುದು ಫೈನ್ಲಿ, ಉರಿ ಲೋ. ಸ್ಮಾಲ್ ಫ್ಲೇಮ್ ಎಂದರೆ ಪೂರ್ತಿ ತಪ್ಪಲ್ಲ, ಪುಟ್ಟ ಜ್ವಾಲೆ ಕಣ್ಣಿಗೆ ಕಟ್ಟುತ್ತದೆ. ಆದರೆ ಒಲೆಯ ಗುಂಡಿ ತಿರುಗಿಸುವ ಮಾತಾಗಿ ಅದು ಯಾರ ಬಾಯಲ್ಲೂ ಬರುವುದಿಲ್ಲ. ನಮ್ಮ ಮನೆಗಳಲ್ಲಂತೂ ಗ್ಯಾಸ್ ಒಲೆಯ ಗುಂಡಿಯ ಮೇಲೆ ಸಿಮ್ ಎಂದು ಬರೆದಿರುತ್ತದೆ, "ಸಿಮ್ಮಲ್ಲಿಡು" ಅಂದರೆ ಮುಗಿಯಿತು. ಇನ್ನು ಸಣ್ಣ ಜ್ವರ ಸ್ಲೈಟ್, ಸಣ್ಣ ದನಿ ಲೋ ಅಥವಾ ಸಾಫ್ಟ್. ಸ್ಮಾಲ್ ವಾಯ್ಸ್ ಎಂಬುದೂ ಇಂಗ್ಲಿಷಿನಲ್ಲಿದೆ. ಅದು ಮೆಲುದನಿಯಲ್ಲ, ತಪ್ಪು ಮಾಡಿ ಸಿಕ್ಕಿಬಿದ್ದವರ ದನಿ.

ಸಣ್ಣತನವನ್ನು ಸ್ಮಾಲ್‌ನೆಸ್ ಎಂದು ಬರೆದವರೂ ಇದ್ದಾರೆ. ಸ್ಮಾಲ್‌ನೆಸ್ ಹೆಚ್ಚಾಗಿ ಅಳತೆಯ ಮಾತು, ಕೋಣೆಗೂ ಬಟ್ಟೆಗೂ ಹೇಳುವಂಥದ್ದು. ಆಸ್ತಿ ಹಂಚುವಾಗ ಒಂದು ಹಿತ್ತಾಳೆ ಚೊಂಬಿಗೆ ಮೂರು ವರ್ಷ ಮಾತು ಬಿಡುವುದಕ್ಕೆ ಅಲ್ಲಿನ ಪದ ಪೆಟಿ. ಅದೂ ಮೂಲದಲ್ಲಿ ಫ್ರೆಂಚರ 'ಚಿಕ್ಕದು'ವೇ. ಆಫೀಸಿನ ಪೆಟಿ ಕ್ಯಾಶ್‌ನಲ್ಲಿ ಇನ್ನೂ ಮಾನವಾಗಿ ಉಳಿದಿದೆ, ಮನುಷ್ಯರ ವಿಷಯಕ್ಕೆ ಬಂದಾಗ ಮಾನ ಕಳೆದುಕೊಂಡಿದೆ.

ಸ್ಮಾಲ್ ಮತ್ತು ಲಿಟಲ್ ನಡುವಿನ ಅಂತರ ಇದಕ್ಕಿಂತ ತೊಡಕು. ಸ್ಮಾಲ್ ಟೇಪು ಹಿಡಿದು ಅಳೆಯುತ್ತದೆ: ಸ್ಮಾಲರ್, ಸ್ಮಾಲೆಸ್ಟ್ ಎಂದು ಹೋಲಿಸಬಹುದು, ವೆರಿ ಸೇರಿಸಬಹುದು, "ದ ಹೌಸ್ ಈಸ್ ಸ್ಮಾಲ್" ಎಂದು ವಾಕ್ಯದ ಕೊನೆಯಲ್ಲಿ ನಿಲ್ಲಿಸಬಹುದು. ಲಿಟಲ್ ಅಳತೆಗಿಂತ ಹೇಳುವವರ ಮನಸ್ಸು ತೋರಿಸುತ್ತದೆ. ಅದಕ್ಕೇ ಅದು ಸಾಮಾನ್ಯವಾಗಿ ನಾಮಪದಕ್ಕೆ ಮುಂಚೆಯೇ ಅಂಟಿಕೊಂಡು, ಇನ್ನೊಂದು ಬಣ್ಣನೆಯ ಜೊತೆ ಬರುತ್ತದೆ: ನೈಸ್ ಲಿಟಲ್ ಹೌಸ್. ಬಯ್ಯುವಾಗಲೂ ಅಷ್ಟೇ, ಸಿಲ್ಲಿ ಲಿಟಲ್ ಮ್ಯಾನ್; ಅವನು ಆರಡಿ ಎತ್ತರ ಇದ್ದರೂ ಅಡ್ಡಿಯಿಲ್ಲ. ನಮ್ಮಲ್ಲಿ ಈ ಕೆಲಸ ಮಾಡುವುದು 'ಪುಟ್ಟ'. ಸಣ್ಣ ಮನೆ ಬಾಡಿಗೆ ಕೊಡುವವರ ಮಾತು, ಪುಟ್ಟ ಮನೆ ಕಟ್ಟಿಕೊಂಡವರ ಮಾತು.

ಸಂಬಂಧಗಳ ವಿಷಯದಲ್ಲಿ ಸ್ಮಾಲ್ ಪೂರ್ತಿ ಸೋಲುತ್ತದೆ. ತಮ್ಮನನ್ನು ಸ್ಮಾಲ್ ಬ್ರದರ್ ಎಂದರೆ ಅವನ ಎತ್ತರ ಹೇಳಿದಂತೆ. ಲಿಟಲ್ ಅಥವಾ ಯಂಗರ್ ಬೇಕು. ಚಿಕ್ಕಪ್ಪನಿಗೆ ಯಾವುದೂ ಇಲ್ಲ. ಆರಡಿಯ ಚಿಕ್ಕಪ್ಪ ಅಂಕಲ್ ಆಗಿ, ದೊಡ್ಡಪ್ಪನ ಜೊತೆ, ಸೋದರಮಾವನ ಜೊತೆ, ಪಕ್ಕದ ಮನೆಯವರ ಜೊತೆ ಒಂದೇ ಬುಟ್ಟಿಗೆ ಬೀಳುತ್ತಾನೆ.

ಲಿಟಲ್ ಎದುರು ಒಂದು 'ಎ' ಇದೆಯೋ ಇಲ್ಲವೋ ಎಂಬುದನ್ನು ನಮ್ಮ ಮೇಷ್ಟ್ರುಗಳು ತಲೆಮಾರುಗಳಿಂದ ಉರು ಹೊಡೆಸಿದ್ದಾರೆ, ಆದರೂ ಪರೀಕ್ಷೆ ಮುಗಿದ ಮರುದಿನ ಮರೆತುಹೋಗುತ್ತದೆ. ಮರೆಯದಿರುವ ಉಪಾಯ ಕನ್ನಡದಲ್ಲೇ ಇದೆ. "ಡಬ್ಬದಲ್ಲಿ ಸ್ವಲ್ಪ ಸಕ್ಕರೆ ಇದೆ" ಎಂದರೆ ಎ ಲಿಟಲ್; ಕಾಫಿಗೆ ನೀರಿಡಬಹುದು. "ಡಬ್ಬದಲ್ಲಿ ಸ್ವಲ್ಪವೇ ಸಕ್ಕರೆ ಇದೆ" ಎಂದರೆ ಬರೀ ಲಿಟಲ್. ಯಾರನ್ನಾದರೂ ಅಂಗಡಿಗೆ ಕಳಿಸಬೇಕು. ನಾವು ಒಂದು ಏಕಾರ ಸೇರಿಸಿ ಹೇಳುವ ಕೊರತೆಯನ್ನು ಅವರು ಒಂದು 'ಎ' ಕಿತ್ತು ಹೇಳುತ್ತಾರೆ. ಎಣಿಸುವ ವಸ್ತುಗಳಾದರೆ ಇದೇ ಲೆಕ್ಕ ಫ್ಯೂ, ಎ ಫ್ಯೂಗೆ. ಇನ್ನೊಂದು ಗುಟ್ಟು: ಬರೀ ಲಿಟಲ್ ಪುಸ್ತಕದ ವಾಸನೆಯದು. ಆಡುಮಾತಿನಲ್ಲಿ ಇಂಗ್ಲಿಷರು ನಾಟ್ ಮಚ್ ಎಂದೇ ಮುಗಿಸುತ್ತಾರೆ.

ನಮ್ಮ ಏಕಾರ ಮಾತ್ರ ಸುಮ್ಮನಿರುವುದಿಲ್ಲ, ಇಂಗ್ಲಿಷಿಗೆ ಹೋಗುವಾಗ ಓನ್ಲಿ ಎಂಬ ವೇಷ ಹಾಕಿಕೊಂಡು ಕೊನೆಯಲ್ಲಿ ಕೂರುತ್ತದೆ. ಸಣ್ಣದೇ ಎನ್ನುವುದು "ಇಟ್ ಈಸ್ ಸ್ಮಾಲ್ ಓನ್ಲಿ". ಸಣ್ಣ ಸಣ್ಣ ತಪ್ಪುಗಳು "ಸ್ಮಾಲ್ ಸ್ಮಾಲ್ ಮಿಸ್ಟೇಕ್ಸ್". ಇವನ್ನು ತಿದ್ದುವ ಉತ್ಸಾಹ ಅಷ್ಟಾಗಿ ಬರುವುದಿಲ್ಲ, ಯಾರಿಗೂ ಅರ್ಥ ಕೆಡದು. ಕೆಡುವುದು ಬೇರೆ ಕಡೆ. ಪಾಠ ಮುಗಿದ ಮೇಲೆ ಎದ್ದು ನಿಲ್ಲುವ "ಸರ್, ಸ್ಮಾಲ್ ಡೌಟ್" ಇಂಗ್ಲೆಂಡಿನ ಮೇಷ್ಟ್ರಿಗೆ ನಿಮ್ಮ ಮೇಲೆ ಒಂದಿಷ್ಟು ಅಪನಂಬಿಕೆ ಎಂದು ಕೇಳಿಸಬಹುದು. ಅಲ್ಲಿ ಕೇಳುವುದು ಕ್ವೆಶ್ಚನ್. ಸ್ಮಾಲ್ ತೆಗೆದು ಲಿಟಲ್ ಹಾಕಿದರಂತೂ ಕಥೆಯೇ ತಿರುಗುತ್ತದೆ. "ಐ ಹ್ಯಾವ್ ಲಿಟಲ್ ಡೌಟ್ ಅಬೌಟ್ ದಿಸ್ ಬಿಲ್" ಎಂದರೆ ಬಿಲ್ಲಿನ ಬಗ್ಗೆ ಅನುಮಾನವೇ ಇಲ್ಲ ಎಂದರ್ಥ. ಬಿಲ್ಲು ತಡೆಯಲೆಂದು ಬರೆದ ಷರಾ ಬಿಲ್ಲನ್ನು ಪಾಸು ಮಾಡಿಸುತ್ತದೆ.

ಎರಡು ಭಾಷೆಯೂ ಕೈಕುಲುಕುವ ಜಾಗಗಳೂ ಇವೆ. "ಮಗಳ ಮದುವೆ ಅಂದ್ರೆ ಸಣ್ಣ ಮಾತಾ?" ಎಂಬುದಕ್ಕೆ 'ನೋ ಸ್ಮಾಲ್ ಮ್ಯಾಟರ್' ಹೇಳಿ ಮಾಡಿಸಿದ ಜೋಡಿ. ಆದರೆ ಸ್ಮಾಲ್ ಟಾಕ್ ಸಣ್ಣ ಮಾತಲ್ಲ, ಅದು ಅವರಿಗೆ ಹವಾಮಾನ, ನಮಗೆ "ಊಟ ಆಯ್ತಾ?"

ಪೇಟೆಗೆ ಬಂದರೆ ಸ್ಮಾಲ್ ಮೆಲ್ಲಗೆ ಮಾಯವಾಗುತ್ತಿದೆ. ಚಿಕ್ಕದನ್ನು ಚಿಕ್ಕದೆಂದು ಕರೆದರೆ ಕೊಳ್ಳುವವರಿಗೆ ಮುಜುಗರವೆಂದು ಮಾರುವವರು ಬಲ್ಲರು. ಹಾಗಾಗಿ ರೆಗ್ಯುಲರ್, ಮಿನಿ, ಟ್ರಾವೆಲ್ ಪ್ಯಾಕ್. ಸ್ಟಾರ್‌ಬಕ್ಸ್‌ನಲ್ಲಿ 8 ಔನ್ಸಿನ ಲೋಟ ಶಾರ್ಟ್, 12 ಔನ್ಸಿನದು ಟಾಲ್; ಸ್ಮಾಲ್ ಎಂಬ ಹೆಸರಿನ ಲೋಟವೇ ಇಲ್ಲ. ಬೆಂಗಳೂರಿನ ಹೋಟೆಲಿನಲ್ಲಿ ಒಂದು ಕಾಫಿಯನ್ನು ಇಬ್ಬರು ಹಂಚಿಕೊಳ್ಳುವ ಬೈಟು ಇದ್ದದ್ದನ್ನು ಇದ್ದಂತೆ ಹೇಳುತ್ತದೆ, ಯಾರ ಮಾನವೂ ಹೋಗಿಲ್ಲ.

ನಾಚಿಕೆಯಿಲ್ಲದೆ ತಲೆಯೆತ್ತಿ ನಿಂತಿರುವ ಸ್ಮಾಲ್ ಉಳಿದಿರುವುದು ನಮ್ಮ ಬಾರುಗಳಲ್ಲಿ. ಹಿಂದೆ ಇಂಗ್ಲೆಂಡಿನಲ್ಲಿ ಸ್ಮಾಲ್ ಬಿಯರ್ ಎಂದು ಮಕ್ಕಳೂ ಆಳುಗಳೂ ಕುಡಿಯುತ್ತಿದ್ದ ಪಾನೀಯವಿತ್ತು. ಲೋಟ ಚಿಕ್ಕದಲ್ಲ, ಅಮಲು ತೆಳು. ಅಲ್ಲೂ ಹಳೆಯ ತೆಳುವೇ ಇಣುಕುತ್ತಿತ್ತು. ಕೊನೆಗೆ ಆ ಮಾತು ಲೆಕ್ಕಕ್ಕಿಲ್ಲದ ವಿಷಯ ಎಂಬ ಅರ್ಥಕ್ಕಿಳಿಯಿತು. ಇಂದು ಅಲ್ಲಿನ ಪಬ್ಬಿನಲ್ಲಿ ವಿಸ್ಕಿಗೆ ಸ್ಮಾಲ್ ಎನ್ನುವುದಿಲ್ಲ, ಸಿಂಗಲ್ ಎನ್ನುತ್ತಾರೆ. ಅದು 25 ಇಲ್ಲವೇ 35 ಮಿಲಿಲೀಟರ್. ನಮ್ಮ ಸ್ಮಾಲ್ 30, ಲಾರ್ಜ್ 60. ನಮ್ಮ ಸ್ಮಾಲಿಗೂ ಲಾರ್ಜಿಗೂ ಮದ್ಯದ ಕಡುಪಿನಲ್ಲಿ ವ್ಯತ್ಯಾಸವಿಲ್ಲ, ಅಳತೆಯಲ್ಲಿ ಮಾತ್ರ. ಒಂದು ಕ್ವಾರ್ಟರ್ ಅಂದರೆ 180, ಅದರಲ್ಲಿ ಆರು ಸ್ಮಾಲ್. "ಒಂದು ಸ್ಮಾಲ್ ಅಷ್ಟೇ ಕಣೋ" ಎಂದು ಕೂತವನು ಆರನೆಯದನ್ನು ತರಿಸುವಾಗಲೂ ಅದೇ ವಾಕ್ಯವನ್ನೇ ಹೇಳುತ್ತಿರುತ್ತಾನೆ.