ಮುಳುಗಿದ ಮೇಲೆ ಮೊಳಗುವ ಫೋನು

ಕೈಯಲ್ಲಿರುವ ಮೊಬೈಲನ್ನು ಸೋಮಾರಿಯೆಂದು ದೂರುವಂತಿಲ್ಲ. ವಿಪತ್ತಿನ ಎಚ್ಚರಿಕೆ ಸಾರುವ ಸೆಲ್ ಬ್ರಾಡ್‌ಕಾಸ್ಟ್ ವ್ಯವಸ್ಥೆಯಲ್ಲಿ ಟವರ್ ಒಮ್ಮೆ ಕೂಗಿದರೆ ಸಾಕು, ಅದರ ವ್ಯಾಪ್ತಿಯಲ್ಲಿರುವ ಫೋನುಗಳೆಲ್ಲ, ಯಾರ ನಂಬರನ್ನೂ ಕೇಳದೆ, ಕರೆಗಳ ದಟ್ಟಣೆಗೂ ಜಗ್ಗದೆ, ಕೆಲವೇ ಸೆಕೆಂಡುಗಳಲ್ಲಿ ಒಟ್ಟಿಗೆ ಅರಚಿಕೊಳ್ಳುತ್ತವೆ. ಇಷ್ಟೊಂದು ಚುರುಕು ಒಳ್ಳೆಯದಲ್ಲವೆಂದೋ ಏನೋ, ಅದಕ್ಕೆ ಬೇಕಾದ ನಿಧಾನವನ್ನು ಒದಗಿಸುವ ಹೊಣೆಯನ್ನು ಆಡಳಿತಗಳು ಹೊತ್ತುಕೊಂಡಿವೆ.

ಸ್ಪೇನಿನ ವೆಲೆನ್ಸಿಯಾದಲ್ಲಿ 2024ರ ಅಕ್ಟೋಬರ್ 29ರಂದು ಹವಾಮಾನ ಸಂಸ್ಥೆಯು ಬೆಳಗ್ಗೆ 8 ಗಂಟೆಯೊಳಗೇ ಕೆಂಪು ಎಚ್ಚರಿಕೆ ಕೊಟ್ಟಿತ್ತು. ತುರ್ತು ಸಮನ್ವಯ ಸಭೆ ಸೇರಿದ್ದು ಸಂಜೆ 5ಕ್ಕೆ. ಎಲ್ಲಿಗೂ ಪ್ರಯಾಣ ಬೇಡವೆಂಬ ಸಂದೇಶವು ಜನರ ಫೋನು ತಲುಪಿದಾಗ ರಾತ್ರಿ 8 ಗಂಟೆ 11 ನಿಮಿಷ. ನೀರು ಮಾತ್ರ ಯಾವ ಟವರಿನ ನೆರವೂ ಇಲ್ಲದೆ, ಯಾವ ಸಭೆಯ ಒಪ್ಪಿಗೆಗೂ ಕಾಯದೆ, ಖುದ್ದಾಗಿ ಮನೆಮನೆಗೆ ಬಂದಾಗಿತ್ತು. ಆ ಪ್ರವಾಹದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರೆಂಬ ಗಾದೆಯಲ್ಲಿ ಬಾಗಿಲಾದರೂ ಮೌನವಾಗಿ ಮುಚ್ಚಿಕೊಳ್ಳುತ್ತದೆ.

ಜರ್ಮನಿಯದು ಇನ್ನೂ ಶಿಸ್ತಿನ ಕಥೆ. 2020ರ ಸೆಪ್ಟೆಂಬರಿನಲ್ಲಿ ಮೊದಲೇ ದಿನ, ಗಂಟೆ ಗೊತ್ತುಮಾಡಿ ದೇಶವ್ಯಾಪಿ ಎಚ್ಚರಿಕೆಯ ತಾಲೀಮು ನಡೆಸಿದರೆ, ಸರ್ಕಾರದ ಎಚ್ಚರಿಕೆ ಆಪ್‌ನ ಸಂದೇಶ ಅರ್ಧ ಗಂಟೆ ತಡವಾಗಿ ಬಂತು. ಮರುವರ್ಷದ ಜುಲೈಯಲ್ಲಿ ನಿಜವಾದ ಪ್ರವಾಹವೇ ಬಂದು 180ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಾಗ ಅಲ್ಲಿ ಸೆಲ್ ಬ್ರಾಡ್‌ಕಾಸ್ಟ್ ಇರಲೇ ಇಲ್ಲ. ಅದು ಬಳಕೆಗೆ ಬಂದದ್ದು 2023ರಲ್ಲಿ.

ಗುಂಡಿ ಒತ್ತಬೇಕಾದವರ ಸಂಕಟವನ್ನೂ ಅರಿಯಬೇಕು, ಅನ್ನಿ. ಲಾಸ್ ಏಂಜಲೀಸಿನಲ್ಲಿ 2025ರ ಜನವರಿ 9ರಂದು, ಒಂದು ಕಾಳ್ಗಿಚ್ಚಿನ ಆಸುಪಾಸಿನವರಿಗೆ ಹೋಗಬೇಕಿದ್ದ ಸಂದೇಶವು ಸುಮಾರು ಒಂದು ಕೋಟಿ ಜನಸಂಖ್ಯೆಯ ಇಡೀ ಕೌಂಟಿಗೇ ಹೋಗಿ, ಜಾಗ ಖಾಲಿ ಮಾಡಲು ಸಿದ್ಧರಾಗಿ ಎಂದಿತು. ತಪ್ಪಾಗಿ ಒತ್ತಿದರೆ ಕೋಟಿ ಜನ ಸಾಕ್ಷಿ. ಒತ್ತದೆ ಕುಳಿತರೆ ಮಳೆಯನ್ನು ದೂರಬಹುದು.

ತಾಲೀಮುಗಳಿಗೆ ಮಾತ್ರ ಎಲ್ಲಿಯೂ ಕೊರತೆಯಿಲ್ಲ. ಭಾರತದಲ್ಲಿ 2023ರಲ್ಲಿ ಹೀಗೆಯೇ ಫೋನುಗಳು ಬೆಚ್ಚಿಬೀಳುವಂತೆ ಕಿರುಚಿ, ಇದು ಬರೀ ಪರೀಕ್ಷೆ, ನಿರ್ಲಕ್ಷಿಸಿ ಎಂದವು. ಸರ್ಕಾರದ ಸೂಚನೆಯನ್ನು ಜನ ಇಷ್ಟು ಒಮ್ಮನಸ್ಸಿನಿಂದ ಪಾಲಿಸಿದ್ದು ಅಪರೂಪ. ಕೆಲವರಂತೂ ಒಂದು ಹೆಜ್ಜೆ ಮುಂದೆ ಹೋಗಿ, ಫೋನಿನ ಸೆಟ್ಟಿಂಗ್ಸ್ ಹೊಕ್ಕು, ಎಚ್ಚರಿಕೆಯ ಗುಂಡಿಯನ್ನು ಹುಡುಕಿ ಆರಿಸಿಬಿಟ್ಟರು. ಆ ಗುಂಡಿ ಒತ್ತಲು ಅವರಿಗೆ ಹನ್ನೆರಡು ಗಂಟೆಯೇನೂ ಬೇಕಾಗಲಿಲ್ಲ.