ಲಾಂಚ್ ಆಯಿತು, ವಸ್ತು ಬರಲಿದೆ

ವೇದಿಕೆಯ ನಡುವೆ ಒಂದು ಪೀಠ, ಅದರ ಮೇಲೆ ಅಂಗೈಯಗಲದ ಕೆಂಪು ಗುಂಡಿ. ಗಣ್ಯರು ಒತ್ತುತ್ತಾರೆ. ಹಿಂದಿನ ಪರದೆ ಬೆಳಗುತ್ತದೆ, ಬಣ್ಣದ ಕಾಗದದ ಚೂರುಗಳು ಉದುರುತ್ತವೆ, ಆ್ಯಪ್ ಲಾಂಚ್ ಆಗುತ್ತದೆ. ಗುಂಡಿಯಿಂದ ಹೊರಟ ತಂತಿ ಮಾತ್ರ ಮೇಜುಬಟ್ಟೆಯ ಕೆಳಗೆ ಎಲ್ಲಿಗೂ ಸೇರದೆ ಸುರುಳಿ ಸುತ್ತಿಕೊಂಡು ಮಲಗಿರುತ್ತದೆ. ಗಣ್ಯರ ಕೈ ಕೆಳಗಿಳಿಯುವುದನ್ನೇ ಕಾದು ಲ್ಯಾಪ್‌ಟಾಪ್ ಒತ್ತುವ ಹುಡುಗ ಪರದೆಯ ಹಿಂದಿರುತ್ತಾನೆ. ಅವನು ತೆರೆಯುವುದೂ ಆ್ಯಪನ್ನಲ್ಲ. ಆ್ಯಪ್ ಮುಂದೆ ಹೇಗಿರಲಿದೆ ಎಂದು ತೋರಿಸುವ ವಿಡಿಯೊವನ್ನು.

ಆರಂಭಿಸುವುದಕ್ಕೆ ಇಂಗ್ಲಿಷಿನಲ್ಲಿ ಪದಗಳ ಬರವೇನೂ ಇಲ್ಲ. ಆದರೆ ಸ್ಟಾರ್ಟ್ ಎಂದರೆ ಮಾರನೆಯ ದಿನ ಕೆಲಸಕ್ಕೆ ಬರಬೇಕಾಗುತ್ತದೆ. ಬಿಗಿನ್ ಎಂದರೆ ಮುಗಿಸುವುದು ಯಾವಾಗ ಎಂದು ಯಾರಾದರೂ ಕೇಳಿಯಾರು. ಲಾಂಚ್‌ಗೆ ಈ ತಾಪತ್ರಯಗಳಿಲ್ಲ. ಮಧ್ಯಾಹ್ನ ಹುಟ್ಟಿ, ಫೋಟೊ ತೆಗೆಸಿಕೊಂಡು, ಸಂಜೆಯೊಳಗೆ ಸುಖವಾಗಿ ತೀರಿಕೊಳ್ಳುತ್ತದೆ.

ಹುಟ್ಟಿನಿಂದ ಇದೊಂದು ಒರಟು ಪದ. ಭರ್ಜಿಗೆ ಇಂಗ್ಲಿಷಿನಲ್ಲಿರುವ ಲಾನ್ಸ್ ಎಂಬ ಹೆಸರಿಗೂ ಇದಕ್ಕೂ ಬೇರು ಒಂದೇ, ಹಳೆಯ ಫ್ರೆಂಚ್. ಅರ್ಥ, ಬೀಸಿ ಎಸೆಯುವುದು. (ದೋಣಿಗೆ ಹೇಳುವ ಲಾಂಚ್ ಬೇರೆ ಸಂಸಾರದ್ದು, ಮಲಯ ಭಾಷೆಯ ಕಡೆಯದು ಎನ್ನುತ್ತಾರೆ.) ಭಾಷಣಕಾರರು ಭಾಷಣಕ್ಕೆ ಲಾಂಚ್ ಆಗುತ್ತಾರೆ ಎಂದು ಇಂಗ್ಲಿಷಿನಲ್ಲಿ ಹೇಳುವಾಗ ಈ ಹಳೆಯ ಅರ್ಥ ಇಂದಿಗೂ ಜೀವಂತ. ಎಸೆಯುವವರು ಮೇಲಿರುತ್ತಾರೆ, ನಾಟಿಸಿಕೊಳ್ಳುವವರು ಕೆಳಗೆ ಕುರ್ಚಿಗಳಲ್ಲಿರುತ್ತಾರೆ.

ಪದಕ್ಕೆ ಮರ್ಯಾದೆ ತಂದುಕೊಟ್ಟದ್ದು ಹಡಗುಗಳು. ಒಳಗೆ ಏನೂ ಇಲ್ಲದ್ದನ್ನು ಲಾಂಚ್ ಮಾಡುತ್ತಾರೆಂದು ಗೊಣಗುವವರಿಗೆ ಇತಿಹಾಸ ತಿಳಿಯದು. 1911ರ ಮೇ 31ರಂದು ಬೆಲ್‌ಫಾಸ್ಟಿನಲ್ಲಿ ಟೈಟಾನಿಕ್ ನೀರಿಗಿಳಿದಾಗ ಅದೂ ಬರೀ ಒಡಲು. ಟನ್ನುಗಟ್ಟಲೆ ಕೊಬ್ಬು, ಎಣ್ಣೆ, ಸಾಬೂನು ಬಳಿದ ಇಳಿಜಾರಿನಲ್ಲಿ 62 ಸೆಕೆಂಡುಗಳಲ್ಲಿ ಜಾರಿ ನೀರು ಸೇರಿತು. ಹೊಗೆಕೊಳವೆ, ಕೋಣೆ, ಮೆಟ್ಟಿಲು ಎಲ್ಲವನ್ನೂ ಕೂಡಿಸಲು ಮತ್ತೆ ಸುಮಾರು ಹತ್ತು ತಿಂಗಳು ಹಿಡಿಯಿತು. ಹಾಗಾಗಿ ಹಾಸಿಗೆಯಿಲ್ಲದ ಆಸ್ಪತ್ರೆಯನ್ನು ಲಾಂಚ್ ಮಾಡುವವರು ಸಂಪ್ರದಾಯಸ್ಥರೇ. ಒಂದೇ ಸಣ್ಣ ವ್ಯತ್ಯಾಸ: ಆ ಖಾಲಿ ಒಡಲು ಅಂದೇ, ಎಲ್ಲರ ಕಣ್ಣೆದುರಿಗೇ ತೇಲಿ ತೋರಿಸಬೇಕಾಗಿತ್ತು.

ತೇಲುವುದಿರಲಿ, ಜಗ್ಗದೆಯೂ ಕೂತದ್ದುಂಟು. 1857ರ ನವೆಂಬರ್ 3ರಂದು ಲಂಡನ್ನಿನ ಥೇಮ್ಸ್ ದಡದಲ್ಲಿ ಗ್ರೇಟ್ ಈಸ್ಟರ್ನ್ ಎಂಬ ದೈತ್ಯ ಹಡಗನ್ನು ನೀರಿಗಿಳಿಸುವ ಮುಹೂರ್ತ. ಕಟ್ಟಿದ ಇಂಜಿನಿಯರ್ ಬ್ರುನೆಲ್‌ಗೆ ಬೇಕಾಗಿದ್ದುದು ನಿಶ್ಶಬ್ದ. ಕಂಪನಿಯವರು ಅವರಿಗೆ ತಿಳಿಸದೆ ಮೂರು ಸಾವಿರ ಟಿಕೆಟ್ ಮಾರಿದ್ದರು. ಜನ ನೆರೆದರು, ನಾಮಕರಣವೂ ಆಯಿತು, ಹಡಗು ಕೆಲವೇ ಅಡಿ ಸರಿದು ನಿಂತುಬಿಟ್ಟಿತು. ಕೊನೆಗೆ ಅದು ತೇಲಿದ್ದು 1858ರ ಜನವರಿ 31ರಂದು. ಆ ಕಾಲದವರಿಗೆ ಬುದ್ಧಿ ಸಾಲದು. ಇಂದಾಗಿದ್ದರೆ ಅದನ್ನು ‘ಮೊದಲ ಹಂತದ ಲಾಂಚ್’ ಎಂದು ಕರೆದು, ಎರಡನೆಯ ಹಂತಕ್ಕೆ ಬೇರೆ ಟಿಕೆಟ್ ಮಾರಬಹುದಿತ್ತು.

ಈಗ ಹಂತಗಳದ್ದೇ ಕಾರುಬಾರು. ಲೋಗೊ ಲಾಂಚ್, ಪೋಸ್ಟರ್ ಲಾಂಚ್, ಲಾಂಚ್ ಯಾವಾಗ ಎಂಬುದನ್ನು ತಿಳಿಸುವ ಟೀಸರಿನ ಲಾಂಚ್. ಕೆಲಸ ಮಾಡದಿದ್ದರೆ ಅದು ಸಾಫ್ಟ್ ಲಾಂಚ್. ಆಮೇಲೂ ಮಾಡದಿದ್ದರೆ ಹೆಸರು, ಬಣ್ಣ ಬದಲಿಸಿ ರೀಲಾಂಚ್. ಹಡಗಿನ ಲೋಕದಲ್ಲಿ ಮತ್ತೆ ಮತ್ತೆ ನೀರಿಗಿಳಿಯುವುದು ಪ್ರತಿಷ್ಠೆಯ ಸಂಗತಿಯಾಗಿರಲಿಲ್ಲ. ಅಮೆರಿಕದ ಆರೋಗ್ಯ ವಿಮೆಯ ಸರ್ಕಾರಿ ಜಾಲತಾಣ 2013ರ ಅಕ್ಟೋಬರ್ 1ರಂದು ಲಾಂಚ್ ಆಯಿತು; ಲಕ್ಷಾಂತರ ಜನ ಮುಗಿಬಿದ್ದ ಆ ಮೊದಲ ದಿನ ನೋಂದಣಿ ಮುಗಿಸಿ ಹೊರಬಂದವರು ಆರು ಮಂದಿ. ಆರು ಮಂದಿಯೂ ಬಾರದ ಲಾಂಚ್‌ಗಳಿಗೆ ಅಂಕಿ ಅಂಶ ಇಡುವ ಪದ್ಧತಿಯಿಲ್ಲ.

ಆದರೂ ಈ ಕಲೆಯ ಶಿಖರ ನಾಸಾದ್ದು. 1960ರ ನವೆಂಬರ್ 21ರಂದು ಮರ್ಕ್ಯುರಿ ರೆಡ್‌ಸ್ಟೋನ್ ರಾಕೆಟ್ ಗುಡುಗಿ, ಸುಮಾರು ನಾಲ್ಕು ಅಂಗುಲ ಮೇಲೆದ್ದು, ಇಂಜಿನ್ ಆರಿ, ಅದೇ ಕಟ್ಟೆಯ ಮೇಲೆ ಮರಳಿ ಕೂತಿತು. ತಲೆಯ ಮೇಲಿದ್ದ, ಅಪಾಯದಲ್ಲಿ ಪಾರುಮಾಡುವ ಪುಟ್ಟ ರಾಕೆಟ್ ಮಾತ್ರ ಒಂಟಿಯಾಗಿ ಹಾರಿಹೋಯಿತು. ಮರುಗಳಿಗೆ ಪ್ಯಾರಾಚೂಟುಗಳು ಒಂದೊಂದಾಗಿ ಹೊರಬಂದು ರಾಕೆಟಿನ ಮೈಮೇಲೆ ಜೋತುಬಿದ್ದವು. ಅಂದರೆ ಏರಿಕೆ, ಪ್ಯಾರಾಚೂಟು, ಇಳಿಕೆ, ಕಾರ್ಯಕ್ರಮ ಪಟ್ಟಿಯಲ್ಲಿದ್ದುದೆಲ್ಲ ನಡೆಯಿತು. ಯಂತ್ರದ ಜನ ಪಾಪ, ಅದನ್ನು ವೈಫಲ್ಯವೆಂದು ಬರೆದುಕೊಂಡು, ದೋಷ ಹುಡುಕಿ, ಡಿಸೆಂಬರ್ 19ರಂದು ಇನ್ನೊಂದನ್ನು ನಿಜವಾಗಿಯೇ ಹಾರಿಸಿದರು. ಜೊತೆಗೆ ಒಬ್ಬ ಪ್ರಚಾರಾಧಿಕಾರಿ ಇದ್ದಿದ್ದರೆ ಎರಡನೆಯ ರಾಕೆಟಿನ ಖರ್ಚು ಪೂರ್ತಿ ಉಳಿಯುತ್ತಿತ್ತು.